ಹಿಂಬದಿ ಬಿಚ್ಚುವ ಫೋನು

ಎರಡು ಸಾವಿರದ ಮೂರರಲ್ಲಿ ನಾನು ಓದು ನಿಲ್ಲಿಸಿದೆ, ಎಂಟನೇ ತರಗತಿಯ ಅರ್ಧಕ್ಕೆ. ತೆಲುಗು ಸೀಮೆಗೆ ಸೇರಿದ ಝರಾಸಂಗಂ ಕಡೆಯ ನಮ್ಮೂರಲ್ಲಿ ಕನ್ನಡ ಶಾಲೆ ಏಳರವರೆಗೆ ಮಾತ್ರ ಇತ್ತು. ಮುಂದೆ ಓದಬೇಕೆಂದರೆ ಬಸ್ಸು ಹತ್ತಿ ಜಹೀರಾಬಾದಿಗೆ ಹೋಗಿ ತೆಲುಗಿನಲ್ಲಿ ಓದಬೇಕು. ಅಲ್ಲಿಯ ಮಾಸ್ತರು ಒಂದು ದಿನ ನಾನು ಬರೆದ ತೆಲುಗು ಅಕ್ಷರಗಳನ್ನು ಎತ್ತಿ ಹಿಡಿದು ಇಡೀ ತರಗತಿಗೆ ತೋರಿಸಿ ನಕ್ಕರು. ಮರುದಿನ ನಾನು ಬಸ್ಸು ಹತ್ತಿದೆ, ಶಾಲೆಗೆ ಹೋಗಲಿಲ್ಲ. ಬಸ್ ನಿಲ್ದಾಣದ ಹತ್ತಿರ ರೇಡಿಯೋ ರಿಪೇರಿ ಅಂಗಡಿಗೆ ಹೋಗಿ ಕುಳಿತೆ. ಬಡತನಕ್ಕೆ ಶಾಲೆ ಬಿಟ್ಟ ಎಂದು ಜನ ನನ್ನ ಬಗ್ಗೆ ಮರುಕ ಪಡುತ್ತಾರೆ. ಅವರ ಮರುಕ ಅವರ ಹತ್ತಿರವೇ ಇರಲಿ. ನಾನು ಸಿಟ್ಟಿಗೆ ಬಿಟ್ಟೆ.

ರೇಡಿಯೋ ಹೋಯಿತು, ಟೇಪ್ ಹೋಯಿತು, ಮೊಬೈಲು ಬಂತು. ಈಗ ಜಹೀರಾಬಾದಿನಲ್ಲಿ ನನ್ನದೇ ಅಂಗಡಿ. ಅದಕ್ಕೆ ಬೋರ್ಡು ಇಲ್ಲ. ಕೇಳಿದರೆ ಯಾರಾದರೂ ಕೈ ತೋರಿಸುತ್ತಾರೆ, ಅಷ್ಟು ಸಾಕು. ಡಿಗ್ರಿ ಮುಗಿಸಿದವರು ತಮ್ಮ ಫೋನನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದು ನನ್ನ ಮುಂದೆ ನಿಂತು, ಆಸ್ಪತ್ರೆಯಲ್ಲಿ ನಿಂತವರ ಹಾಗೆ ಮುಖ ಮಾಡುತ್ತಾರೆ. ಅದನ್ನು ನೋಡಿದಾಗ ನನಗೆ ಸಂತೋಷ ಆಗುವುದಿಲ್ಲ ಎಂದರೆ ಸುಳ್ಳಾಗುತ್ತದೆ.

ಮೊದಲು ನಮ್ಮ ಅಂಗಡಿಯಲ್ಲಿ ಒಂದು ರೂಢಿ ಇತ್ತು. ಹೊಸ ಫೋನು ಕೊಂಡವನ ಎದುರಿಗೇ ಹಿಂಬದಿ ಬಿಚ್ಚಿ, ಬ್ಯಾಟರಿಯನ್ನು ಅವನ ಕೈಗೇ ಕೊಡುತ್ತಿದ್ದೆ. ಅವನೇ ಹಾಕಬೇಕು, ಅವನೇ ಮುಚ್ಚಬೇಕು. ಹೀಗೆ ಈ ಭಾಗದ ಎಷ್ಟೋ ಕೈಗಳಿಗೆ ನಾನು ಒಂದೇ ಪಾಠ ಕಲಿಸಿದೆ: ಫೋನು ನೀರಿಗೆ ಬಿದ್ದರೆ ಬೇರೇನೂ ಮಾಡಬೇಡ, ಮೊದಲು ಬ್ಯಾಟರಿ ಕಿತ್ತುಬಿಡು. ಆಮೇಲೆ ಅಂಟು ಹಾಕಿ ಮುಚ್ಚಿದ ಫೋನುಗಳು ಬಂದವು. ರೂಢಿ ಹೋಯಿತು. ಜನ ಮಾತ್ರ ಪಾಠ ಮರೆಯಲಿಲ್ಲ. ಫೋನು ನೆನೆದರೆ ಇವತ್ತಿಗೂ ಅವರ ಹೆಬ್ಬೆರಳು ತಾನಾಗಿಯೇ ಹಿಂಬದಿಗೆ ಹೋಗುತ್ತದೆ.

ಎರಡು ವರ್ಷದ ಹಿಂದೆ ಹೈದರಾಬಾದಿನ ಒಂದು ಹೊಸ ಕಂಪನಿಯವನು ನನ್ನನ್ನು ಹುಡುಕಿಕೊಂಡು ಬಂದ. ಇಂಜಿನಿಯರು. ಮೂಲ ಬೀದರ ಕಡೆಯವನು, ಮಾತು ನಮ್ಮದೇ. ಬೂಟು ಮಾತ್ರ ನಮ್ಮದಲ್ಲ. ಅದಕ್ಕೆ ಧೂಳು ತಾಗದಂತೆ ಕಾಲು ಎತ್ತಿಟ್ಟು ನಡೆಯುತ್ತಿದ್ದ.

“ಅಣ್ಣಾ, ನಾವು ಬ್ಯಾರೆ ಥರದ್ ಫೋನ್ ಮಾಡ್ಲತ್ತೀವಿ. ದೊಡ್ಡ ಕಂಪನಿಗೋಳು ನಿಮ್ಮ ಮಾತೆಲ್ಲಾ ಕದ್ದು ಕೇಳ್ತಾವ. ನಮ್ದು ಕೇಳಂಗಿಲ್ಲ.”

“ಕೇಳ್ಕೊಂಡು ಏನ್ ಮಾಡ್ತಾವ್ರಿ? ಸಂತ್ಯಾಗಿನ ಶುಂಠಿ ಭಾವ ತಿಳೀತದ, ಅಷ್ಟೇ.”

ಅವನು ನಗಲಿಲ್ಲ. ಒಳಗಿನದೆಲ್ಲ ತಯಾರಾಗಿದೆ, ಹೊರಗಿನ ಸಾಮಾನು ಹೇಗಿರಬೇಕು ಎಂದು ಜನರನ್ನು ಕೇಳಬೇಕಾಗಿದೆ, ಜನ ನಿಮ್ಮನ್ನು ನಂಬುತ್ತಾರಂತೆ, ನೀವು ಕರೆದುಕೊಂಡು ಹೋಗಬೇಕು ಎಂದ. ಇಪ್ಪತ್ತು ವರ್ಷದಲ್ಲಿ ಒಬ್ಬ ಓದಿದವನು ನನ್ನನ್ನು ಒಂದು ಮಾತು ಕೇಳಲು ಬಂದದ್ದು ಅದೇ ಮೊದಲು. ನಾನು ಉಬ್ಬಿದೆ. ಉಬ್ಬಿದ ಬ್ಯಾಟರಿಯನ್ನು ದೂರದಿಂದಲೇ ಗುರುತಿಸುವವನಿಗೆ ತಾನು ಉಬ್ಬಿದ್ದು ಗೊತ್ತಾಗಲಿಲ್ಲ.

ಮೊದಲು ಅವನನ್ನು ಪಸ್ತಾಪುರದ ಕಡೆ ಕರೆದೊಯ್ದೆ. ಒಂದು ಹೊಲದ ಬದುವಿನಲ್ಲಿ ಸಜ್ಜೆ ಬೆಳೆಯುವ ಹೆಂಗಸರು ಕುಳಿತಿದ್ದರು. ಇಂಜಿನಿಯರು ಚೀಲದಿಂದ ಟ್ಯಾಬು ತೆಗೆದು, ಎಷ್ಟು ಕ್ಯಾಮೆರಾ ಬೇಕು ಎಂದು ಕೇಳಿದ.

“ಒಂದಿದ್ರ ಸಾಕಪ್ಪಾ, ನಂಗಿರೋ ಮಾರಿ ಒಂದೇ,” ಎಂದಳು ಒಬ್ಬ ಮುದುಕಿ. ಎಲ್ಲರೂ ನಕ್ಕರು. “ನಾ ಕಳೆ ತೆಗೆಯಾಗ ಫೋನ್ ಗಿಡಕ್ಕ ತೂಗ್ ಹಾಕ್ತೀನಿ. ಹಗ್ಗ ಹಾಕಾಕ ಅದಕ್ಕ ತೂತಿಲ್ಲ. ಹಳೀ ಸೀರಿ ಚಿಂದಿನಾಗ ಕಟ್ಟಿ ತೂಗ್ಬೇಕು. ಮೊದ್ಲ ತೂತ್ ಕೊಡು, ಆಮ್ಯಾಲ ಕ್ಯಾಮೆರಾ ಕೇಳು.”

ಟ್ಯಾಬಿನ ಪ್ರಶ್ನೆಗಳಲ್ಲಿ ತೂತಿಗೆ ಜಾಗ ಇರಲಿಲ್ಲ. ಅವನು ಕ್ಯಾಮೆರಾ ಒಂದು ಎಂದು ಒತ್ತಿ ಮುಂದಿನ ಪ್ರಶ್ನೆಗೆ ಹೋದ. ತೂತಿನ ವಿಷಯ ನಾನು ನನ್ನ ನೋಟುಬುಕ್ಕಿನಲ್ಲಿ ಬರೆದುಕೊಂಡೆ.

ನಾರಾಯಣಖೇಡದ ಸಂತೆಯಲ್ಲಿ ಸಿರ್ಗಾಪುರದ ಒಬ್ಬ ರೈತ ಸಿಕ್ಕ. ಅವನ ಹಳೆಯ ಗುಂಡಿ ಫೋನು ಹೊಲದ ಮೋಟಾರಿನ ಸ್ಟಾರ್ಟರ್ ಡಬ್ಬಿಯಲ್ಲಿ ಇರುತ್ತದೆ. ಮನೆಯಿಂದ ಮಿಸ್ ಕಾಲ್ ಕೊಟ್ಟರೆ ಮೋಟಾರು ಶುರುವಾಗುತ್ತದೆ. “ಬಿಸಲಿಗಿ ಬ್ಯಾಟ್ರಿ ಉಬ್ತದ್ರಿ. ತೆಗದು ಒಗದು ಬ್ಯಾರೇದು ಹಾಕ್ತೀನಿ. ನಿಮ್ಮ ಶಾಣ್ಯಾ ಫೋನಿಗಿ ಹಂಗ್ ಬರ್ತದೇನು?” ಇನ್ನೊಬ್ಬ ಫೋನು ಭಾರ ಇರಲಿ ಎಂದ. ಹಗುರವಿದ್ದರೆ ಬಸ್ಸಿನಲ್ಲಿ ಕಿಸೆಯಿಂದ ಹೋದರೂ ತಿಳಿಯುವುದಿಲ್ಲವಂತೆ. ಇಯರ್‌ಫೋನ್ ಹಾಕದೆಯೇ ರೇಡಿಯೋ ಹತ್ತಬೇಕು. ಸಿಮ್ಮು ಹಾಕಲು ಸೂಜಿ ಹುಡುಕುವ ಕೆಲಸ ಇರಬಾರದು. ಎಲ್ಲವನ್ನೂ ಬರೆದುಕೊಂಡೆ.

ಕೊನೆಗೆ ತಾಂಡೂರು. ಅಲ್ಲಿ ನನ್ನ ಮಾಮಾ, ಅಕ್ಕನ ಗಂಡ, ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ಇಡೀ ದಿನ ಸುತ್ತುವ ಯಂತ್ರ, ಸುರಿಯುವ ನೀರು, ಕಾಲಡಿಯಲ್ಲಿ ಕಲ್ಲಿನ ಹಿಟ್ಟಿನ ಬೂದು ರಾಡಿ. ಬೆರಳಚ್ಚಿನಿಂದ ತೆರೆಯುವ ಫೋನು ಬೇಕಾ ಎಂದು ಇಂಜಿನಿಯರು ಕೇಳಿದಾಗ ಮಾಮಾ ತನ್ನ ಎರಡೂ ಅಂಗೈ ಅವನ ಮುಖದ ಮುಂದೆ ಹಿಡಿದ.

“ಬೆರಳಿನ ಗೆರಿ ಕಲ್ಲೇ ತಿಂದದ ನೋಡ್ರಿ ಸಾಹೇಬ್ರ. ರೇಷನ್ ಅಂಗಡ್ಯಾಗಿನ ಮಷೀನು ನನಗ ನೀ ನೀನಲ್ಲ ಅಂತದ. ನಿಮ್ಮ ಫೋನ್ ಏನ್ ಗುರ್ತ್ ಹಿಡೀತದ? ಗುಂಡಿ ಕೊಡ್ರಿ. ಒದ್ದಿ ಕೈಯಿಂದ ಒತ್ತಿದ್ರ ಫೋನ್ ಏಳಬೇಕು. ಮತ್ತ ಬ್ಯಾಟ್ರಿ ಬಿಚ್ಚಾಕ ಬರ್ಬೇಕು. ಇಲ್ಲಿ ದಿನಾ ಒಬ್ಬಂದರ ರಾಡಿನಾಗ ಬೀಳ್ತದ.”

ನೋಟುಬುಕ್ಕಿನಲ್ಲಿ ಬರೆದದ್ದನ್ನೆಲ್ಲ ಇಂಜಿನಿಯರಿಗೆ ಕೊಟ್ಟೆ. ಮೂರು ತಿಂಗಳಿಗೆ ಒಂದು ಮಾದರಿ ಫೋನು ಬಂತು. ನನ್ನ ಜನ ಹೇಳಿದ್ದೆಲ್ಲ ಅದರಲ್ಲಿತ್ತು. ದಪ್ಪ ಇತ್ತು, ಭಾರ ಇತ್ತು. ಮೂಲೆಯಲ್ಲಿ ಹಗ್ಗದ ತೂತು, ಪಕ್ಕದಲ್ಲಿ ಎರಡು ಗುಂಡಿ, ಹಿಂಬದಿಯ ಅಂಚಿನಲ್ಲಿ ಉಗುರು ಹಾಕುವ ಒಂದು ಕಚ್ಚು. ಕಚ್ಚಿಗೆ ಉಗುರು ಹಾಕಿ ಎಳೆದರೆ ಟಕ್ ಎಂದು ಬಿಚ್ಚುತ್ತಿತ್ತು. ಅದನ್ನು ಹಿಡಿದುಕೊಂಡು ಮೂರೂ ಊರು ಮತ್ತೆ ಸುತ್ತಿದೆ. ಅಲ್ಲೂ, ನನ್ನ ಅಂಗಡಿಯಲ್ಲೂ ಎಲ್ಲರ ಕೈಯಿಂದ ಬಿಚ್ಚಿಸಿದೆ. “ಒದ್ದಿ ಆದ್ರ ಇಲ್ಲಿ ಉಗುರ್ ಹಾಕ್ರಿ, ಎಳೀರಿ, ಮುಗೀತು,” ಎಂದು ನಾನೇ ಹೇಳಿದೆ. ಇಪ್ಪತ್ತೆರಡು ಜನ ತಮಗೂ ಒಂದಿರಲಿ ಎಂದರು. ಕಂಪನಿಯ ಹೆಸರು ಅವರಲ್ಲಿ ಒಬ್ಬರೂ ಕೇಳಲಿಲ್ಲ. ನನ್ನ ಮುಖ ನೋಡಿ ಹೂಂ ಎಂದರು.

ಬಹಳ ದಿನ ಕಾಯಿಸಿ ಡಬ್ಬಿಗಳು ಬಂದವು. ಡಬ್ಬಿಯ ಮೇಲಿನ ಚೀಟಿ ಹರಿದರೆ ಕಂಪನಿ ವಾಪಸ್ ತಗೊಳ್ಳುವುದಿಲ್ಲ ಎಂದು ಬರೆದಿತ್ತು. ಕೊಂಡವರೇ ಹರಿಯಲಿ ಎಂದು ನಾನು ಒಂದನ್ನೂ ಬಿಚ್ಚಿ ನೋಡಲಿಲ್ಲ. ತಾಂಡೂರಿನ ಆರು ಡಬ್ಬಿಗಳನ್ನು ಮಾಮಾ ತಾನೇ ಬಂದು ಚೀಲದಲ್ಲಿ ಹಾಕಿಕೊಂಡು ಬಸ್ಸಿಗೆ ಒಯ್ದ.

ಮರುದಿನ ಬೆಳಿಗ್ಗೆ ಶುಂಠಿ ವ್ಯಾಪಾರಿಯೊಬ್ಬ ತನ್ನ ಡಬ್ಬಿಯನ್ನು ನನ್ನ ಅಂಗಡಿಯಲ್ಲೇ ತೆರೆದ. ಫೋನು ತೆಳ್ಳಗಿತ್ತು. ತೂತು ಇರಬೇಕಾದಲ್ಲಿ ಬರೀ ಒಂದು ಗುಳಿ. ಕಚ್ಚು ಮಾತ್ರ ಇದ್ದ ಜಾಗದಲ್ಲೇ ಇತ್ತು. ಅವನು ಕಚ್ಚಿಗೆ ಉಗುರು ಹಾಕಿ ಎಳೆದ. ಬರಲಿಲ್ಲ. ಅಂಗಡಿಯಲ್ಲಿ ಇನ್ನೂ ನಾಲ್ಕು ಗಿರಾಕಿಗಳಿದ್ದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

“ಹೊಸದು. ಬಿಗಿ ಇರ್ತದ,” ಎಂದೆ.

ನನಗೆ ಗೊತ್ತಿಲ್ಲ ಎನ್ನುವ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಎಂಟನೇ ತರಗತಿಯಿಂದ ಎದ್ದು ಬಂದವನು ನಾಲ್ಕು ಜನರ ಎದುರಿಗೆ ಆ ಮಾತು ಆಡುವುದು ಸುಲಭವಲ್ಲ. ಅವನು ಹೋದ ಮೇಲೆ ಇಂಜಿನಿಯರಿಗೆ ಮೂರು ಸಲ ಫೋನು ಮಾಡಿದೆ. ಎತ್ತಲಿಲ್ಲ. ನಾರಾಯಣಖೇಡದ ಡಬ್ಬಿಗಳು ಇನ್ನೂ ನನ್ನ ಹತ್ತಿರವೇ ಇದ್ದವು, ಒಂದನ್ನು ಬಿಚ್ಚಿ ನೋಡಬಹುದಿತ್ತು. ನೋಡಿದರೆ ಗೊತ್ತಾಗಿಬಿಡುತ್ತದೆ ಎಂದು ನೋಡಲಿಲ್ಲ. ಇದನ್ನು ಬರೆಯುವಾಗ ನನ್ನ ಮೇಲೆ ಬರುವ ಸಿಟ್ಟು ಅವನ ಮೇಲಿನ ಸಿಟ್ಟಿಗಿಂತ ಕಡಿಮೆಯದಲ್ಲ.

ಅದೇ ದಿನ ಮಧ್ಯಾಹ್ನ ತಾಂಡೂರಿನಿಂದ ಜೊತೆಗಾರನ ಫೋನಿನಲ್ಲಿ ಮಾಮಾ ಮಾತಾಡಿದ. ಹಿಂದೆ ಯಂತ್ರದ ಸದ್ದು.

“ಅಳಿಯಾ, ನಿನ್ನ ಹೊಸ ಫೋನ್ ರಾಡಿನಾಗ ಈಜ್ ಹೊಡೀತು ನೋಡಪ್ಪಾ.”

“ಬ್ಯಾಟ್ರಿ ತೆಗೀರಿ ಮಾಮಾ, ಮೊದ್ಲ ಬ್ಯಾಟ್ರಿ.”

“ಬರವಲ್ದು. ಉಗುರು ಮುರೀತು.”

“ಹೊಸದ್ರಿ, ಬಿಗಿ ಇರ್ತದ. ಏನರ ಕಬ್ಬಿಣದ ತುದಿ ಹಾಕಿ ಜರಾ ಜೋರ್ಲೆ ಎತ್ರಿ.”

ಅವನು ಮಾತಾಡುತ್ತಿದ್ದ ಫೋನನ್ನು ಜೊತೆಗಾರನ ಕೈಗೆ ಕೊಟ್ಟು ಕಲ್ಲು ಒಡೆಯುವ ಸಣ್ಣ ಉಳಿ ತಗೊಂಡ. ಇದು ನನಗೆ ಆಮೇಲೆ ತಿಳಿಯಿತು. ಆಗ ನನಗೆ ಕೇಳಿಸಿದ್ದು ಕಾದ ಹಂಚಿನ ಮೇಲೆ ನೀರು ಬಿದ್ದ ಹಾಗೆ ಒಂದು ಸದ್ದು, ಅದರ ಹಿಂದೆಯೇ ಕೂಗು. ಅಂಟಿಸಿದ ಬ್ಯಾಟರಿಗೆ ಉಳಿ ಚುಚ್ಚಿತ್ತು. ಬಲಗೈಯ ಅಂಗೈ, ಹೆಬ್ಬೆರಳು, ತೋರುಬೆರಳು ಸುಟ್ಟಿದ್ದವು.

ಸಂಜೆಗೆ ನಾನು ತಾಂಡೂರಿನ ದವಾಖಾನೆಯಲ್ಲಿದ್ದೆ. ಮಾಮಾನ ಕೈಗೆ ಮೊಳಕೈವರೆಗೆ ಪಟ್ಟಿ ಸುತ್ತಿದ್ದರು. ನನ್ನನ್ನು ನೋಡಿ, “ಇದ್ದಬಿದ್ದ ಗೆರೀನೂ ಹೋದ್ವು ಬಿಡು. ಇನ್ನ ರೇಷನ್ ಮಷೀನ್ ಮುಂದ ಕಾಲ್ ಇಡ್ಬೇಕು,” ಎಂದ. ಯಾರೂ ನಗಲಿಲ್ಲ, ಅವನೂ ನಗಲಿಲ್ಲ.

ಅಕ್ಕ ನನ್ನನ್ನು ಹೊರಗೆ ಕರೆದಳು. ಅತ್ತಿದ್ದರೆ ಚೆನ್ನಾಗಿತ್ತು.

“ಕಂಪನಿ ಯಾವ್ದು ಅಂತ ನಮಗೇನ್ ಗೊತ್ತು? ನೀ ಬಿಚ್ತದ ಅಂದಿ. ಬಿಚ್ಚಾಕ ಹೋದ್ರು. ನಿನ್ನ ಮಾತಿನ ಮ್ಯಾಲೆ ಇಲ್ಲಿ ಇನ್ನೂ ಐದು ಮಂದಿ ತಗೊಂಡಾರ. ಅವ್ರಿಗಿ ಏನ್ ಹೇಳ್ಲಿ? ನನ್ನ ತಮ್ಮ ಸುಳ್ಳ ಹೇಳ್ಯಾನ ಅನ್ಲೇನು?”

ಆ ಐದೂ ಮನೆಗಳಿಗೆ ಅವತ್ತೇ ನಾನೇ ನಡೆದು ಹೋದೆ. ಕಚ್ಚಿಗೆ ಏನೂ ಹಾಕಬೇಡಿ, ನೀರಿಗೆ ಬಿದ್ದರೂ ಹಾಕಬೇಡಿ, ದೂರ ಇಟ್ಟು ನನಗೆ ಹೇಳಿ ಎಂದೆ. ಫೋನು ಆಗಲೇ ಒಯ್ದಿದ್ದ ಉಳಿದವರಿಗೆ ಬಸ್ಸಿನಲ್ಲಿ ಕುಳಿತು ಫೋನು ಮಾಡಿ ಹೇಳಿದೆ. ಒಬ್ಬನಂತೂ, “ಮೊನ್ನೆ ಎಳೀರಿ ಅಂದಿ, ಇವತ್ತು ಮುಟ್ಬ್ಯಾಡ್ರಿ ಅಂತಿ. ನಾಳಿ ಏನ್ ಪೂಜಿ ಮಾಡಂತಿಯೇನೋ?” ಎಂದು ಕೇಳಿ ಕಟ್ ಮಾಡಿದ.

ಎಂಟು ದಿನದ ಮೇಲೆ ಇಂಜಿನಿಯರು ಬಂದ. ನಾನು ಮಾಡಿದ ಫೋನು ಎತ್ತದವನು ತಾನಾಗಿಯೇ ಬಂದ, ಕೈಯಲ್ಲಿ ಒಂದು ಹೊಸ ಡಬ್ಬಿ ಮತ್ತು ಒಂದು ಕಾಗದ ಹಿಡಿದುಕೊಂಡು. ಡಬ್ಬಿ ಮಾಮಾನಿಗೆ. ಕಾಗದ ನನಗೆ: ಗಿರಾಕಿಯ ತಪ್ಪು ಬಳಕೆಯಿಂದ ಹೀಗಾಗಿದೆ ಎಂದು ಮಾರಿದವನಾದ ನಾನು ಸಹಿ ಮಾಡಬೇಕು.

“ಅಂಟ್ ಯಾಕ ಹಾಕಿದ್ರಿ?” ಎಂದು ಕೇಳಿದೆ.

“ತೆಳ್ಳಗ್ ಬೇಕಂದ್ರು ಅಣ್ಣಾ ಜನ.”

“ಯಾ ಜನ? ನಾ ನಿಮಗ ತೋರ್ಸಿದ ಜನದಾಗ ಯಾರ್ ಅಂದ್ರು?”

“ಆನ್‌ಲೈನ್‌ನಾಗೂ ಕೇಳಿದ್ವಿ. ಅಲ್ಲಿ ಭಾಳ ಮಂದಿ ಅಂದ್ರು.”

“ಆತು. ಅಂಟ್ ಹಾಕಿದ್ರಿ. ಮತ್ತ ಕಚ್ಚ್ ಯಾಕ ಬಿಟ್ರಿ?”

ಅವನು ಬಗ್ಗಿ ಬೂಟಿನ ಧೂಳು ಒರೆಸಿಕೊಂಡ. “ಹಿಂಬದಿ ಮುಚ್ಚಳ ಎರಕ ಹೊಯ್ಯೂ ಸಾಂಚಾ ಮೊದ್ಲೇ ಆಗಿತ್ತು. ತೂತ್ ಮುಚ್ಚಾಕ ಬಂತು, ಕಚ್ಚ್ ತೆಗೀಬೇಕಂದ್ರ ಪೂರಾ ಹೊಸ ಸಾಂಚಾ ಬೇಕು. ಅದು ಬರೇ ಡಿಸೈನ್ ಅಂತ ಬಿಟ್ವಿ.”

ಇಪ್ಪತ್ತೆರಡು ಮನೆಗಳಿಗೆ ಒಂದು ಸುಳ್ಳು ಬಾಗಿಲು ಕೊಟ್ಟು ಅದಕ್ಕೆ ಡಿಸೈನ್ ಎಂದು ಹೆಸರಿಟ್ಟಿದ್ದರು. ಅವನ ಕಾಲರಿಗೆ ಕೈ ಹಾಕಬೇಕು ಎನಿಸಿತು. ಅಷ್ಟರಲ್ಲಿ ಅವನು ಮೆತ್ತಗೆ, ಕಣ್ಣು ಮೇಲೆತ್ತದೆ ಹೇಳಿದ:

“ಕಬ್ಬಿಣದ ತುದಿ ಹಾಕಿ ಎತ್ರಿ ಅಂದವ್ರು ಯಾರಣ್ಣಾ? ನಿಮ್ಮ ಮಾಮಾನೇ ಫೋನ್‌ದಾಗ ಹೇಳ್ಯಾರ. ನಾವಂತೂ ಹೇಳಿಲ್ಲ.”

ಅವನ ಬಾಯಿಂದ ಬಂದ ಒಂದೇ ಒಂದು ನಿಜ ಅದು. ಅದನ್ನೂ ತಾನು ಜಾರಿಕೊಳ್ಳಲಿಕ್ಕೆ ತಂದಿದ್ದ.

ನಾನು ಅವನ ಪೆನ್ನು ಕಸಿದುಕೊಂಡು, ಅಚ್ಚಾದ ಸಾಲುಗಳ ಮೇಲೆ ಗೀಟು ಎಳೆದು, ಕೆಳಗೆ ಕನ್ನಡದಲ್ಲಿ ಬರೆದೆ: “ಬಿಚ್ಚುತ್ತದೆ ಎಂದು ಮಾದರಿ ಕೊಟ್ಟವರು ಕಂಪನಿಯವರು. ಬಿಚ್ಚದಂತೆ ಮಾಡಿ ಹೇಳದೆ ಕಳಿಸಿದವರೂ ಅವರೇ. ಬಿಚ್ಚಿ ನೋಡದೆ ಮಾರಿದವನು, ಜೋರು ಹಾಕಿ ಎಂದವನು ನಾನು.” ಕೆಳಗೆ ಸಹಿ ಹಾಕಿ, ದಿನಾಂಕ ಹಾಕಿ ಅವನ ಮುಂದಿಟ್ಟೆ.

“ಇದು ನಡ್ಯಂಗಿಲ್ಲಣ್ಣಾ.”

“ನನ್ನ ಸಹಿ ಇದಕ್ಕಷ್ಟೇ ಅದ. ಬೇಕಾದ್ರ ಒಯ್ರಿ, ಬ್ಯಾಡಾದ್ರ ಬಿಡ್ರಿ. ಇಪ್ಪತ್ತೆರಡರಾಗ ಒಂದ್ ಸುಟ್ಟದ. ಉಳದಿದ್ದು ನಾ ಬಿಚ್ಚಾವನಿದ್ದೀನಿ.”

“ಬಿಚ್ಚಿದ್ರ ವಾರಂಟಿ ಹೋಗ್ತದ.”

“ಬಂದಿದ್ದು ಯಾವಾಗ್ರಿ, ಹೋಗಾಕ?”

ಕಾಗದ ಅಲ್ಲೇ ಬಿಟ್ಟು ಡಬ್ಬಿ ಎತ್ತಿಕೊಂಡು ಹೋದ. ಮಾಮಾನಿಗೆಂದು ತಂದದ್ದನ್ನೂ ಬಿಡಲಿಲ್ಲ. ಆಮೇಲೆ ಅವನ ಮುಖ ನೋಡಿಲ್ಲ, ನೋಡುವ ಆಸೆಯೂ ಇಲ್ಲ.

ಬಿಚ್ಚುತ್ತದೆ ಎಂದು ನಾನು ಹೇಳಿದ್ದೆ. ಹೇಳಿದ ಮಾತು ವಾಪಸ್ ಬರುವುದಿಲ್ಲ. ಉಳಿದದ್ದು ಅದನ್ನು ನಿಜ ಮಾಡುವುದೊಂದೇ. ಮೊದಲನೆಯ ಫೋನು ನನ್ನ ಕೈಯಲ್ಲೇ ಸತ್ತಿತು. ಬಿಸಿ ಹೆಚ್ಚಾಗಿ ಪರದೆಗೆ ಹೋಗುವ ತಂತಿಪಟ್ಟಿ ಹರಿಯಿತು. ಅದರ ಯಜಮಾನನಿಗೆ ನನ್ನ ಕಪಾಟಿನಿಂದ ಬೇರೆ ಫೋನು ಕೊಟ್ಟೆ. ಎರಡನೆಯದಕ್ಕೆ ಒಂದು ಇಡೀ ದಿನ ಹಿಡಿಯಿತು. ಬಿಸಿಗಾಳಿಯಲ್ಲಿ ಅಂಟು ಮೆತ್ತಗೆ ಮಾಡಬೇಕು, ತೆಳು ಪ್ಲಾಸ್ಟಿಕ್ ಚೀಟಿ ತೂರಿಸಿ ಹಿಂಬದಿ ಎಬ್ಬಿಸಬೇಕು, ಬ್ಯಾಟರಿಯ ಅಂಟನ್ನು ಸ್ಪಿರಿಟ್ ಬಿಟ್ಟು ಕರಗಿಸಬೇಕು, ಎಲ್ಲೂ ಲೋಹ ತಾಗಿಸಬಾರದು. ಆಮೇಲೆ ಬ್ಯಾಟರಿಯ ಕೆಳಗೆ ಎಳೆಯಲು ಒಂದು ಪಟ್ಟಿ ಹಾಕಿದೆ. ಅಂಟಿನ ಬದಲು ಹಿಂಬದಿಗೆ ಮೂರು ಸಣ್ಣ ಸ್ಕ್ರೂ ಕೂರಿಸಿದೆ. ಮೂಲೆಯಲ್ಲಿ ಬರೀ ಪ್ಲಾಸ್ಟಿಕ್ ಇರುವ ಜಾಗ ನೋಡಿ ಹಗ್ಗಕ್ಕೆ ತೂತು ಕೊರೆದೆ. ಕೊನೆಗೆ ಆ ಕಚ್ಚನ್ನು ಗಟ್ಟಿಯಾಗುವ ಪುಟ್ಟಿ ತುಂಬಿ ಮುಚ್ಚಿದೆ. ಉಗುರಿನಿಂದ ಬಿಚ್ಚುವಷ್ಟು ಸಲೀಸು ನನ್ನಿಂದ ಆಗಲಿಲ್ಲ, ಸ್ಕ್ರೂಡ್ರೈವರ್ ಬೇಕು. ಅದನ್ನೂ ಪ್ರತಿ ಫೋನಿನ ಜೊತೆ ಒಂದೊಂದು ಕೊಟ್ಟೆ.

ಬಂದವರು ಸುಮ್ಮನೆ ಬರಲಿಲ್ಲ. “ನಿನ್ನ ಮಾತ್ ಕೇಳಿ ತಗೊಂಡೆ. ಮತ್ತ ನಿನ್ನ ಮಾತ್ ಕೇಳೇ ಬಿಚ್ಚಿಸ್ಬೇಕೇನು?” ಎಂದು ಶುಂಠಿ ವ್ಯಾಪಾರಿ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಓಣಿಗೆಲ್ಲ ಕೇಳುವ ಹಾಗೆ ಕೂಗಿದ. ಕೂಗಲಿ ಎಂದು ಬಿಟ್ಟೆ. ಬಾಯಿ ನೋಯುವ ತನಕ ಕೂಗಿ, ಫೋನು ಮೇಜಿನ ಮೇಲೆ ಎಸೆದು ಹೋದ. ಸಂಜೆ ಬಂದು ತಾನೇ ಮೂರೂ ಸ್ಕ್ರೂ ತೆಗೆದು, ಬ್ಯಾಟರಿ ಕಿತ್ತು ನೋಡಿ, ಮತ್ತೆ ಹಾಕಿ, ಫೋನು ಕಿಸೆಗಿಟ್ಟು ನಡೆದ. ನಾರಾಯಣಖೇಡದವರ ಡಬ್ಬಿಗಳನ್ನು ಅಲ್ಲಿಗೇ ಒಯ್ದು, ಸಂತೆಯ ದಿನ ಚಹಾ ಅಂಗಡಿಯವನ ಕರೆಂಟಿನಲ್ಲಿ ಅವರ ಎದುರಿಗೇ ಕುಳಿತು ಕೆಲಸ ಮಾಡಿದೆ. ಸುತ್ತ ನಿಂತವರು ಬಿಟ್ಟಿ ಆಟ ನೋಡಿದರು. “ಕೆಡಿಸ್ದಾವನೇ ರಿಪೇರಿ ಮಾಡ್ಲತ್ತಾನ ನೋಡ್ರೋ,” ಎಂದನೊಬ್ಬ. ನಾನು ತಲೆ ಎತ್ತಲಿಲ್ಲ. ಬಿಸಿಗಾಳಿ ಕೈಯಲ್ಲಿದ್ದಾಗ ತಲೆ ಎತ್ತಬಾರದು.

ತಾಂಡೂರಿಗೆ ಮಾಮಾನ ಪಟ್ಟಿ ಬಿಚ್ಚಿದ ಮೇಲೆ ಹೋದೆ. ಐದು ಫೋನುಗಳನ್ನೂ ಅಕ್ಕನೇ ಮನೆ ಮನೆ ತಿರುಗಿ ಕೂಡಿಸಿ ಇಟ್ಟಿದ್ದಳು. ಅವಳ ಮನೆಯ ಕಟ್ಟೆಯ ಮೇಲೆ ಕುಳಿತು ಎರಡು ದಿನ ಮಾಡಿದೆ. ಮಾಮಾ ಎದುರಿಗೆ ಕುಳಿತು ನೋಡಿದ. ಅವನ ತೋರುಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಅವನಿಗೆಂದು ನಾನು ಒಯ್ದಿದ್ದ ಬೇರೆ ಫೋನನ್ನು ಅವನು ಮುಟ್ಟಲಿಲ್ಲ. ಅವನ ಕಿಸೆಯಲ್ಲಿ ಆಗಲೇ ಒಂದು ಗುಂಡಿ ಫೋನು ಇತ್ತು, ಬೇರೆ ಅಂಗಡಿಯದು.

“ಚಲೋ ಅದಾ ಮಾಮಾ?” ಎಂದೆ.

“ಆ ಅಂಗಡ್ಯಾಂವ ನನಗ ಏನೂ ಹೇಳ್ಲಿಲ್ಲ. ಅದಕ್ಕೇ ತಗೊಂಡೆ,” ಎಂದ.

ಈಗ ಲೆಕ್ಕ ಹೀಗಿದೆ. ಇಪ್ಪತ್ತೆರಡರಲ್ಲಿ ಒಂದು ಸುಟ್ಟಿತು, ಒಂದು ನನ್ನ ಮೇಜಿನ ಮೇಲೆ ಸತ್ತಿತು. ಹದಿನೈದು ಬಿಚ್ಚುತ್ತವೆ. ಮೂವರು ನನ್ನ ಕೈಗೆ ಕೊಡುವುದಿಲ್ಲ ಎಂದಿದ್ದಾರೆ. ಇನ್ನೆರಡು ಕೈ ಬದಲಾಗಿವೆ, ಯಾರ ಹತ್ತಿರ ಇವೆಯೋ ಗೊತ್ತಿಲ್ಲ, ಕೇಳುತ್ತಾ ಇದ್ದೇನೆ. ನನಗಿರುವುದು ಒಂದು ಅಂಗಡಿ, ಒಂದು ಮೇಜು, ಎರಡು ಕೈ, ವಾರಕ್ಕೊಮ್ಮೆ ಫೋನು ಮಾಡುವ ಒಬ್ಬ ಅಕ್ಕ, ಫೋನು ಮಾಡದ ಒಬ್ಬ ಮಾಮಾ.